ವರ್ತಕ ನಾವಿಕರ ಆರೋಗ್ಯ

ಮೈಸೂರಿನಂಥ ಊರಿನಲ್ಲಿ ಕುಳಿತು ಹಡಗಿನವರ ಮಾತನ್ನು ಎತ್ತಿಕೊಂಡರೆ ಕೆಲವರಿಗೆ ವಿನೋದವೆನಿಸಬಹುದು. ಇಲ್ಲಿಂದ ಸಮುದ್ರ ನೂರು ಮೈಲಿಗೂ ಆಚೆ. ನಡುವೆ ಘಟ್ಟದ ಗೋಡೆ ಬೇರೆ. ಆದರೂ ನಮ್ಮ ಮನೆಗಳಲ್ಲಿರುವ ಪದಾರ್ಥಗಳಲ್ಲಿ ಹಡಗು ಹತ್ತಿ ಬಂದವು ಎಷ್ಟೋ ಉಂಟು. ಲೋಕದ ದೇಶದೇಶಗಳ ನಡುವೆ ನಡೆಯುವ ವ್ಯಾಪಾರದ ಸರಕಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮಿಗಿಲಾಗಿ ಇಂದಿಗೂ ಸಮುದ್ರದ ಮೇಲೆಯೇ ಸಾಗುತ್ತದೆ. ಆ ಸರಕನ್ನು ಸಾಗಿಸುವವನನ್ನು ನಾವು ಕಾಣುವುದಿಲ್ಲ. ಚರಿತ್ರೆಯ ಪುಸ್ತಕಗಳೂ ಅವನನ್ನು ಅಷ್ಟಾಗಿ ಕಂಡಂತೆ ತೋರದು. ನೌಕಾಯುದ್ಧಗಳ ವರ್ಣನೆ ಅವುಗಳಲ್ಲಿ ತುಂಬಿದೆ. ಸೇನಾಪತಿಗಳ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಅಕ್ಕಿ, ಹತ್ತಿ, ಮೆಣಸು, ಕಲ್ಲಿದ್ದಲುಗಳನ್ನು ಹೊತ್ತು ತಿರುಗಿದ ವರ್ತಕ ಹಡಗಿನ ಆಳು ಕಾಯಿಲೆ ಬಿದ್ದಾಗ ಅವನ ಗತಿಯೇನಾಗುತ್ತಿದ್ದಿತು, ಅವನನ್ನು ನೋಡಿಕೊಳ್ಳುವ ಹೊಣೆ ಯಾರದಾಗಿದ್ದಿತು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಮೆ. ಆ ಪ್ರಶ್ನೆಯನ್ನು ಈ ಹೊತ್ತು ನಾವು ಕೇಳಿಕೊಳ್ಳೋಣ. ಹೆಚ್ಚಾಗಿ ಇಂಗ್ಲೆಂಡಿನ ಚರಿತ್ರೆಯನ್ನೇ ಹಿಡಿದು ಹೋಗುತ್ತೇವೆ. ಏಕೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರವ್ಯಾಪಾರದ ದೊಡ್ಡ ಪಾಲು ಆ ದೇಶದ ಹಡಗುಗಳದಾಗಿದ್ದಿತು, ನಮ್ಮ ದೇಶದ ಖಲಾಸಿಗಳು ಸಹಸ್ರಗಟ್ಟಲೆ ದುಡಿದುದೂ ಆ ಹಡಗುಗಳಲ್ಲಿಯೇ.

ಹೊಣೆ ಯಾರದೆಂಬುದಕ್ಕೆ ಬಲು ಹಳೆಯ ಕಾಲದಲ್ಲಿಯೇ ಉತ್ತರವೊಂದಿದ್ದಿತು ಎಂಬುದು ಆಶ್ಚರ್ಯದ ಸಂಗತಿ. ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಒಲೆರಾನ್ ಎಂಬ ಸಣ್ಣ ದ್ವೀಪವಿದೆ. ಮಧ್ಯಯುಗದಲ್ಲಿ ದ್ರಾಕ್ಷಾರಸದ ವ್ಯಾಪಾರ ಮಾಡುತ್ತಿದ್ದ ಹಡಗಿನವರಿಗೆ ಆ ದ್ವೀಪದ ಹೆಸರಿನ ಕಟ್ಟಳೆಗಳು ಧರ್ಮಶಾಸ್ತ್ರದಂತಿದ್ದುವು. ಹಡಗಿನ ಸೇವೆಯಲ್ಲಿರುವಾಗ ನಾವಿಕನಿಗೆ ರೋಗ ತಟ್ಟಿದರೆ ಕಪ್ತಾನನು ಅವನನ್ನು ದಡಕ್ಕಿಳಿಸಿ ಒಂದು ಮನೆಯಲ್ಲಿ ಇಡಬೇಕು. ರಾತ್ರಿಯ ಬೆಳಕಿಗೆ ದೀಪ ಕೊಡಬೇಕು. ಉಪಚಾರಕ್ಕೆ ಹಡಗಿನ ಹುಡುಗನೊಬ್ಬನನ್ನು ಬಿಡಬೇಕು, ಇಲ್ಲವೇ ಒಬ್ಬ ಹೆಂಗಸನ್ನು ಗೊತ್ತುಮಾಡಬೇಕು. ಹಡಗಿನಲ್ಲಿ ಸಿಕ್ಕುತ್ತಿದ್ದ ಆಹಾರ ಅಲ್ಲಿಯೂ ಸಿಕ್ಕಬೇಕು. ಹಡಗು ಅವನಿಗಾಗಿ ಕಾಯಬೇಕಾಗಿಲ್ಲ. ಆದರೆ ಅವನು ಗುಣವಾದರೆ ಸಂಬಳ ಅವನಿಗೆ ಸಲ್ಲಬೇಕು, ಸತ್ತರೆ ಅವನ ಹೆಂಡತಿಗೋ ವಾರಸುದಾರರಿಗೋ ಸಲ್ಲಬೇಕು. ಆ ದೀಪದ ಮಾತನ್ನು ಓದಿದಾಗ ಈ ಕಟ್ಟಳೆಯನ್ನು ಬರೆದವರು ರೋಗಿಯ ಬಳಿ ರಾತ್ರಿ ಕುಳಿತು ಬಲ್ಲವರಿರಬೇಕು ಎಂದು ನಮಗೆ ತೋರುತ್ತದೆ.

ಆದರೆ ಈ ಧರ್ಮ ನಡೆಯುವುದಕ್ಕೆ ದಡ ಹತ್ತಿರವಿರಬೇಕಷ್ಟೆ. ಹದಿನೈದನೆಯ ಶತಮಾನದ ಕೊನೆಗೆ ಹಡಗುಗಳು ಮಹಾಸಾಗರಕ್ಕೆ ಹೊರಟವು. ತಿಂಗಳುಗಟ್ಟಲೆ ದಡ ಕಾಣದ ಪಯಣ. ಉಪ್ಪು ಹಾಕಿದ ಮಾಂಸ, ಒಣಗಿದ ರೊಟ್ಟಿ, ಕೊಳೆತ ನೀರು. ಆಗ ಸ್ಕರ್ವಿ ಎಂಬ ರೋಗ ತಲೆಯೆತ್ತಿತು. ಮೊದಲು ಆಯಾಸ, ಆಮೇಲೆ ವಸಡು ಊದಿ ಕಪ್ಪಾಗಿ ಹಲ್ಲು ಅಲ್ಲಾಡುವುದು, ಕಾಲಿನಲ್ಲಿ ನೀಲಿಯ ಕಲೆಗಳು, ಎಂದೋ ಮಾಗಿದ ಗಾಯ ಮತ್ತೆ ಬಿರಿಯುವುದು, ಕೊನೆಗೆ ಎದ್ದು ನಿಂತವನು ನಿಂತಲ್ಲಿಯೇ ಕುಸಿದು ಸಾಯುವುದು. ವಾಸ್ಕೋ ಡ ಗಾಮನ ಪಯಣದಲ್ಲಿ ಇದರ ಒಂದು ಭಯಂಕರ ಅಧ್ಯಾಯ ನಮ್ಮ ಕರಾವಳಿಯಿಂದಲೇ ಆರಂಭವಾಗುತ್ತದೆ. ಕಲ್ಲಿಕೋಟೆಯಿಂದ ಹಿಂತಿರುಗುವಾಗ ಅವನು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿ, ೧೪೯೮ರ ಅಕ್ಟೋಬರ್ ಆರಂಭದಲ್ಲಿ ಆಫ್ರಿಕದ ಕಡೆಗೆ ಹಾಯಿ ಬಿಚ್ಚಿದನು. ಕಾಲವಲ್ಲದ ಕಾಲದಲ್ಲಿ ಹೊರಟುದರಿಂದ ಗಾಳಿ ಪ್ರತಿಕೂಲವಾಗಿ, ಆ ಸಮುದ್ರವನ್ನು ದಾಟುವುದಕ್ಕೆ ಹೆಚ್ಚುಕಡಮೆ ಮೂರು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಮೂವತ್ತು ಮಂದಿ ಸತ್ತರೆಂದೂ, ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದಿದ್ದರೆಂದೂ ಹಡಗಿನಲ್ಲಿದ್ದವರೊಬ್ಬರ ದಿನಚರಿ ಹೇಳುತ್ತದೆ. ಮಾಲಿಂದಿಯನ್ನು ಮುಟ್ಟಿದೊಡನೆ ಅವರು ಕೇಳಿ ತರಿಸಿಕೊಂಡುದು ಕಿತ್ತಲೆಯ ಹಣ್ಣು. ಹಾಗಾದರೆ ಮದ್ದು ಯಾವುದೆಂದು ಅವರಿಗೆ ಆಗಲೇ ಸುಳಿವು ಹತ್ತಿದ್ದಿತು.

ಇಂಗ್ಲೀಷರ ಈಸ್ಟ್ ಇಂಡಿಯಾ ಕಂಪೆನಿಯವರಿಗಂತೂ ತಮ್ಮ ಮೊತ್ತಮೊದಲನೆಯ ಪಯಣದಲ್ಲಿಯೇ ಇದು ಕಣ್ಣಾರೆ ಕಂಡ ಸಂಗತಿ. ೧೬೦೧ರಲ್ಲಿ ಜೇಮ್ಸ್ ಲ್ಯಾಂಕಾಸ್ಟರನ ಕೈಕೆಳಗೆ ನಾಲ್ಕು ಹಡಗುಗಳು ಹೊರಟವು. ಅವುಗಳಲ್ಲಿ ಲ್ಯಾಂಕಾಸ್ಟರನು ತಾನಿದ್ದ ‘ರೆಡ್ ಡ್ರ್ಯಾಗನ್’ ಹಡಗಿನ ಜನಕ್ಕೆ ಲೆಮನ್ ಹಣ್ಣಿನ ರಸವನ್ನು ಸೀಸೆಗಳಲ್ಲಿ ತುಂಬಿಸಿಕೊಂಡು ಹೋಗಿ, ಪ್ರತಿದಿನ ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಮೂರು ಚಮಚದಂತೆ ಕುಡಿಸುತ್ತಿದ್ದನು. ಆಫ್ರಿಕದ ತುದಿಯನ್ನು ಮುಟ್ಟುವ ಹೊತ್ತಿಗೆ ಉಳಿದ ಮೂರು ಹಡಗುಗಳ ಜನರಿಗೆ ಲಂಗರು ಹಾಕುವ ಶಕ್ತಿಯೂ ಇರಲಿಲ್ಲ. ‘ರೆಡ್ ಡ್ರ್ಯಾಗನ್’ ಹಡಗಿನವರು ಹೋಗಿ ಅವರ ದೋಣಿಗಳನ್ನು ಇಳಿಸಿಕೊಡಬೇಕಾಯಿತು. ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಇನ್ನೇನು ಬೇಕು? ಕಂಪೆನಿಯ ಮುಖ್ಯ ಶಸ್ತ್ರವೈದ್ಯನಾಗಿದ್ದ ಜಾನ್ ವುಡಾಲನು ೧೬೧೭ರಲ್ಲಿ ಹಡಗಿನ ವೈದ್ಯರಿಗಾಗಿ ಬರೆದ ಕೈಪಿಡಿಯಲ್ಲಿ ಈ ರಸವನ್ನು ಹೊಗಳಿದ್ದಾನೆ. ಹೀಗೆ ಮೊದಲು ಕಂಡುಕೊಂಡವರು ವರ್ತಕರೇ. ಆದರೆ ಕಂಡುಕೊಂಡುದು ಹಾಗೆಯೇ ನಿಲ್ಲಲಿಲ್ಲ. ಹಣ್ಣಿಗೆ ಹಣ ಬೇಕು, ರಸ ಕೆಡುತ್ತದೆ, ವೈದ್ಯಶಾಸ್ತ್ರದ ಪಂಡಿತರೋ, ಗುಣವಿರುವುದು ಹುಳಿಯಲ್ಲಿ ತಾನೇ, ಅಗ್ಗದ ವಿನಿಗರ್ ಆದರೇನು, ಗಂಧಕಾಮ್ಲದ ಹನಿಯಾದರೇನು ಎಂದು ವಾದಿಸಿದರು. ತರ್ಕ ಸೊಗಸಾಗಿದೆ. ನಾವಿಕರು ಮಾತ್ರ ಸಾಯುತ್ತಲೇ ಇದ್ದರು.

ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದವನು ಜೇಮ್ಸ್ ಲಿಂಡ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಅವನು ಯುದ್ಧನೌಕೆಯ ವೈದ್ಯನಾದರೂ ಅವನನ್ನು ಬಿಟ್ಟು ಈ ಕಥೆ ಮುಂದೆ ಸಾಗುವಂತಿಲ್ಲ. ೧೭೪೭ರ ಮೇ ತಿಂಗಳಿನಲ್ಲಿ ‘ಸಾಲ್ಸ್‌ಬರಿ’ ಎಂಬ ಹಡಗಿನಲ್ಲಿ ಸ್ಕರ್ವಿ ಹಿಡಿದ ಹನ್ನೆರಡು ಮಂದಿಯನ್ನು, ರೋಗ ಆದಷ್ಟೂ ಒಂದೇ ತೆರನಾಗಿರುವವರನ್ನು ನೋಡಿ ಆರಿಸಿ, ಒಂದೇ ಕಡೆ ಮಲಗಿಸಿ, ಒಂದೇ ಆಹಾರ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದು ಮದ್ದಿನಂತೆ ಆರು ಮದ್ದುಗಳನ್ನು ಪ್ರಯೋಗಿಸಿದನು. ಇಬ್ಬರಿಗೆ ಸೇಬಿನ ಮದ್ಯ; ಇಬ್ಬರಿಗೆ ಗಂಧಕಾಮ್ಲದ ಹನಿ; ಇಬ್ಬರಿಗೆ ವಿನಿಗರ್; ಇಬ್ಬರಿಗೆ, ಪಾಪ, ಸಮುದ್ರದ ನೀರು; ಇಬ್ಬರಿಗೆ ಬೆಳ್ಳುಳ್ಳಿ, ಸಾಸಿವೆ ಮೊದಲಾದುವನ್ನು ಅರೆದ ಲೇಹ್ಯ; ಉಳಿದಿಬ್ಬರಿಗೆ ದಿನಕ್ಕೆ ಎರಡು ಕಿತ್ತಲೆ, ಒಂದು ಲೆಮನ್. ಹಣ್ಣುಗಳು ಆರು ದಿನಕ್ಕೆ ಮುಗಿದುಹೋದವು. ಅಷ್ಟರಲ್ಲಿ ಹಣ್ಣು ತಿಂದವರಲ್ಲಿ ಒಬ್ಬನು ಎದ್ದು ಕೆಲಸಕ್ಕೆ ಹೋದನು. ಇನ್ನೊಬ್ಬನು ಉಳಿದ ರೋಗಿಗಳಿಗೆ ಶುಶ್ರೂಷೆ ಮಾಡುವಷ್ಟು ಚೇತರಿಸಿಕೊಂಡನು. ವೈದ್ಯಶಾಸ್ತ್ರದಲ್ಲಿ ಇದು ಹೆಸರಾದ ಪ್ರಯೋಗ. ಆದರೆ ೧೭೫೩ರಲ್ಲಿ ಲಿಂಡನು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ಪ್ರಯೋಗ ಕೆಲವೇ ಪುಟಗಳನ್ನು ಆಕ್ರಮಿಸಿದೆ. ಅಷ್ಟೇ ಅಲ್ಲದೆ, ಬಹುಕಾಲ ಇಡಬಹುದೆಂದು ರಸವನ್ನು ಕಾಯಿಸಿ ಗಟ್ಟಿಮಾಡುವ ಕ್ರಮವನ್ನೂ ಅವನೇ ಹೇಳಿಕೊಟ್ಟನು. ಕಾಯಿಸಿದರೆ ಗುಣ ಕೆಡುತ್ತದೆಂದು ಅವನಿಗೆ ತಿಳಿಯದು. ಕೊನೆಗೆ ಗಿಲ್ಬರ್ಟ್ ಬ್ಲೇನ್ ಮೊದಲಾದ ವೈದ್ಯರ ಒತ್ತಾಯದಿಂದ ೧೭೯೫ರಲ್ಲಿ ಇಂಗ್ಲೆಂಡಿನ ನೌಕಾಪಡೆಯವರು ಲೆಮನ್ ರಸವನ್ನು ಎಲ್ಲ ನಾವಿಕರಿಗೂ ಒದಗಿಸಲು ಒಪ್ಪಿದರು. ಲಿಂಡನು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದನು. ಕೆಲವೇ ವರ್ಷಗಳಲ್ಲಿ ನೌಕಾಪಡೆಯಿಂದ ಸ್ಕರ್ವಿ ಬಹುಮಟ್ಟಿಗೆ ತೊಲಗಿತು.

ವರ್ತಕ ಹಡಗುಗಳಿಂದ ತೊಲಗಿತೇ? ಇಲ್ಲ. ಒಂದೇ ದೇಶದ ಒಂದೇ ಬಂದರಿನಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಹಡಗುಗಳಲ್ಲಿ, ಫಿರಂಗಿಗಳಿರುವ ಹಡಗಿನ ಆಳಿಗೆ ಹಲ್ಲು ಗಟ್ಟಿ, ಸರಕಿನ ಹಡಗಿನ ಆಳಿಗೆ ವಸಡಿನಲ್ಲಿ ರಕ್ತ. ಇದು ಇನ್ನೂ ಎಪ್ಪತ್ತು ವರ್ಷ ನಡೆಯಿತು. ಇಲ್ಲಿ ಕೊರತೆಯಾದುದು ಜ್ಞಾನವಲ್ಲ. ಯುದ್ಧನೌಕೆಯ ಆಳು ಸತ್ತರೆ ರಾಜ್ಯಕ್ಕೆ ನಷ್ಟ; ಅವನ ಬದಲಿಗೆ ಇನ್ನೊಬ್ಬನನ್ನು ಹಿಡಿದು ತರಬೇಕು. ವರ್ತಕ ಹಡಗಿನವನೋ ಒಂದು ಪಯಣಕ್ಕೆ ಕರಾರು ಬರೆದುಕೊಟ್ಟು ಹತ್ತಿದವನು; ಪಯಣ ಮುಗಿದರೆ ಅವನಾರೋ ಒಡೆಯನಾರೋ. ರೋಗವು ದಡದಲ್ಲಿ ಬಲಿತರೆ ಅದು ಒಡೆಯನ ಲೆಕ್ಕಕ್ಕೆ ಸೇರದು. ದಡದ ಊರಿನವರೋ, ಇವನು ನಮ್ಮ ಊರಿನವನಲ್ಲವೆನ್ನುತ್ತಾರೆ. ಒಲೆರಾನಿನ ದೀಪ ಎಂದೋ ಆರಿಹೋಗಿದ್ದಿತು.

ಹಾಗೆಂದು ವರ್ತಕ ನಾವಿಕನು ಏನೂ ಕೊಡದೆ ಕೇಳಿದವನಲ್ಲ. ೧೬೯೬ರ ಶಾಸನವೊಂದರಿಂದ ಅವನ ಸಂಬಳದಲ್ಲಿ ತಿಂಗಳಿಗೆ ಆರು ಪೆನ್ನಿ ಮುರಿದುಕೊಂಡು ಥೇಮ್ಸ್ ನದಿಯ ದಡದ ಗ್ರೀನ್‌ವಿಚ್ಚಿನಲ್ಲಿದ್ದ ರಾಜನ ಆಸ್ಪತ್ರೆಗೆ ಸಲ್ಲಿಸುತ್ತಿದ್ದರು. ಅದು ಮುದಿಯಾದ, ಅಂಗಹೀನರಾದ ನಾವಿಕರಿಗಾಗಿ ಕಟ್ಟಿದ ಭವ್ಯ ಸೌಧ. ಆದರೆ ಹೆಚ್ಚುಕಡಮೆ ಯುದ್ಧನೌಕೆಯವರಿಗೇ ಮೀಸಲು. ತಾನು ಒಳಗೆ ಕಾಲಿಡಲಾರದ ಮನೆಗೆ ವರ್ತಕ ನಾವಿಕನು ೧೮೩೪ರವರೆಗೆ, ಎಂದರೆ ನೂರಮೂವತ್ತೆಂಟು ವರ್ಷ, ತೆರಿಗೆ ತೆತ್ತನು. ಇದರ ಮಗ್ಗುಲಿಗೆ ಅಮೆರಿಕದವರು ಮಾಡಿದುದನ್ನು ಇಟ್ಟು ನೋಡಬಹುದು. ೧೭೯೮ರಲ್ಲಿ ಅಧ್ಯಕ್ಷ ಜಾನ್ ಆಡಮ್ಸನು ಸಹಿ ಹಾಕಿದ ಶಾಸನದಂತೆ ಅಲ್ಲಿಯೂ ನಾವಿಕರ ಸಂಬಳದಿಂದ ತಿಂಗಳಿಗೆ ಇಪ್ಪತ್ತು ಸೆಂಟು ಮುರಿದುಕೊಂಡರು. ಆದರೆ ಆ ಹಣದಿಂದ ಬಂದರುಗಳಲ್ಲಿ ನಾವಿಕರಿಗೆ, ವರ್ತಕ ನಾವಿಕರಿಗೆ, ಆಸ್ಪತ್ರೆಗಳನ್ನು ನಡೆಯಿಸಿದರು. ಆ ಆಸ್ಪತ್ರೆಗಳ ಇಲಾಖೆಯೇ ಬೆಳೆದು ೧೯೧೨ರಲ್ಲಿ ಆ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯ ಹೆಸರನ್ನು ತಾಳಿತು. ಒಂದು ದೊಡ್ಡ ರಾಷ್ಟ್ರದ ಆರೋಗ್ಯ ಇಲಾಖೆಯ ಬೇರು ಖಲಾಸಿಗಳ ಇಪ್ಪತ್ತು ಸೆಂಟಿನಲ್ಲಿದೆ ಎಂಬುದು ನಾವು ನೆನಪಿಡತಕ್ಕ ಮಾತು.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರು ದಾನಿಗಳು. ನೆಪೋಲಿಯನ್ನನ ಯುದ್ಧ ಮುಗಿದ ಮೇಲೆ ಕೆಲಸವಿಲ್ಲದ ನಾವಿಕರು ಲಂಡನ್ನಿನ ಬೀದಿಗಳಲ್ಲಿ ಚಳಿಗೆ ಬಿದ್ದು ಸಾಯುತ್ತಿರಲು, ಕೆಲವರು ಸೇರಿ ಚಂದಾ ಎತ್ತಿ, ೧೮೨೧ರಲ್ಲಿ ನಾವಿಕರ ಆಸ್ಪತ್ರೆಯ ಸಂಘವೊಂದನ್ನು ಸ್ಥಾಪಿಸಿದರು. ಆಸ್ಪತ್ರೆಗೆ ಕಟ್ಟಡವಿಲ್ಲ, ಸರ್ಕಾರದವರು ಹಳೆಯ ಯುದ್ಧನೌಕೆಯೊಂದನ್ನು ಕೊಟ್ಟರು. ಅದು ಸಾಲದೆ ೧೮೩೧ರಲ್ಲಿ ‘ಡ್ರೆಡ್‌ನಾಟ್’ ಎಂಬ ಇನ್ನೂ ದೊಡ್ಡ ಹಡಗು ಬಂದಿತು. ಟ್ರಫಾಲ್ಗರಿನ ಕದನದಲ್ಲಿ ಹೋರಾಡಿದ ಹಡಗು ಅದು. ಈಗ ಫಿರಂಗಿಗಳನ್ನಿಳಿಸಿ, ಥೇಮ್ಸ್ ನದಿಯಲ್ಲಿ ಲಂಗರು ಹಾಕಿಕೊಂಡು, ರೋಗಿಗಳ ಮಂಚಗಳನ್ನು ಹೊತ್ತು ನಿಂತಿತು. ಯಾವ ದೇಶದವನು, ಯಾವ ಮತದವನು ಎಂದು ಕೇಳದೆ, ಶಿಫಾರಸು ಪತ್ರವನ್ನೂ ಕೇಳದೆ, ಕಾಯಿಲೆ ಬಿದ್ದ ನಾವಿಕನೆಂದೊಡನೆ ಒಳಗೆ ಸೇರಿಸುವುದು ಅಲ್ಲಿಯ ನಿಯಮ. ಆ ಕಾಲದ ಇತರ ಧರ್ಮಾಸ್ಪತ್ರೆಗಳಲ್ಲಿ ಚಂದಾದಾರರ ಚೀಟಿಯಿಲ್ಲದೆ ಪ್ರವೇಶ ಸಿಕ್ಕುವುದು ಕಷ್ಟವಾಗಿದ್ದಿತೆಂಬುದನ್ನು ನೆನೆದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಆದರೂ ಹಡಗು ಹಡಗೇ. ಗಾಳಿ ಸಾಲದ ಅಟ್ಟಗಳು, ಕೆಳಗೆ ಲಂಡನ್ನಿನ ಕೊಳಚೆಯನ್ನೆಲ್ಲ ಹೊತ್ತು ಹರಿಯುವ ನದಿ. ಕೊನೆಗೆ ೧೮೭೦ರಲ್ಲಿ ಆಸ್ಪತ್ರೆ ದಡಕ್ಕೆ ಬಂದಿತು. ಎಲ್ಲಿಗೆ? ಮುದಿ ನೌಕಾಭಟರು ಬಿಟ್ಟುಹೋದ ಗ್ರೀನ್‌ವಿಚ್ ಆಸ್ಪತ್ರೆಯ ಚಿಕಿತ್ಸಾಲಯಕ್ಕೆ! ನೂರಮೂವತ್ತೆಂಟು ವರ್ಷ ಆರು ಪೆನ್ನಿ ತೆತ್ತ ವರ್ತಕ ನಾವಿಕನಿಗೆ ಆ ಬಾಗಿಲು ಕಡೆಗೆ ಹೀಗೆ ತೆರೆಯಿತು. ೧೯೮೬ರವರೆಗೂ ಅಲ್ಲಿ ಆ ಆಸ್ಪತ್ರೆ ನಡೆಯಿತು.

ಡ್ರೆಡ್‌ನಾಟ್ ಹಡಗಿನ ವೈದ್ಯರಿಗೆ ಇತರರಿಗೆ ಕಾಣದ ಒಂದು ದೃಶ್ಯ ಕಾಣುತ್ತಿದ್ದಿತು. ಪುಸ್ತಕದಲ್ಲಿ ತೊಲಗಿಹೋದ ಸ್ಕರ್ವಿ ಅವರ ಮಂಚಗಳ ಮೇಲೆ ದಿನವೂ ಮಲಗಿದ್ದಿತು. ೧೮೪೪ರ ಶಾಸನ ವರ್ತಕ ಹಡಗುಗಳು ನಿಂಬೆಯ ರಸವನ್ನು ಒಯ್ಯಬೇಕೆಂದು ವಿಧಿಸಿದ್ದೇನೋ ನಿಜ. ಶಾಸನಕ್ಕೆ ಒಡೆಯರೂ ತಪ್ಪಿ ನಡೆಯಲಿಲ್ಲ. ‘ನಿಂಬೆಯ ರಸ’ವೆಂಬ ಚೀಟಿ ಅಂಟಿಸಿದ ಸೀಸೆಗಳನ್ನು ಕೊಂಡರು. ಒಳಗಿದ್ದುದು ಹೆಚ್ಚಾಗಿ ನೀರು ಬೆರೆಸಿದ ಅಗ್ಗದ ಹುಳಿ. ಆ ಸೀಸೆಗಳನ್ನು ಒಡೆದು ನೋಡುವವರಿಲ್ಲ. ಆ ಆಸ್ಪತ್ರೆಯಲ್ಲಿ ನಿವಾಸಿ ವೈದ್ಯನಾಗಿದ್ದ ಹ್ಯಾರಿ ಲೀಚ್ ಎಂಬವನು ೧೮೬೦ರ ದಶಕದಲ್ಲಿ ಇದರ ಬೆನ್ನು ಹತ್ತಿದನು. ಇಂಥ ರೋಗಿಗಳು ಬಂದ ಹಡಗು ಯಾವುದು, ಎಷ್ಟು ದಿನದ ಪಯಣ, ರಸವನ್ನು ಕೊಟ್ಟರೇ, ಕೊಟ್ಟ ರಸ ಎಂಥದು ಎಂದು ಒಂದೊಂದನ್ನೂ ವಿಚಾರಿಸಿ, ವರದಿ ಬರೆದು, ವ್ಯಾಪಾರ ಇಲಾಖೆಯವರ ಮುಂದಿಟ್ಟನು. ಇತರ ವೈದ್ಯರೂ ದನಿಗೂಡಿಸಿದರು. ಇದರ ಫಲವಾಗಿ ೧೮೬೭ರ ವರ್ತಕ ನೌಕಾ ಶಾಸನ ಬಂದಿತು. ರಸವನ್ನು ಸರ್ಕಾರದ ಉಗ್ರಾಣದಿಂದಲೇ ಪಡೆಯಬೇಕು. ಪರೀಕ್ಷಕನು ನೋಡಿ ಒಪ್ಪಿರಬೇಕು. ಕೆಡದಂತೆ ನೂರಕ್ಕೆ ಹದಿನೈದು ಪಾಲು ಮದ್ಯಸಾರ ಬೆರೆತಿರಬೇಕು. ಪ್ರತಿಯೊಬ್ಬ ಆಳಿಗೂ ದಿನಕ್ಕೆ ಒಂದು ಔನ್ಸಿನಂತೆ ಹಂಚಬೇಕು. ನಾವಿಕರು ಮಲಗುವ ಕೋಣೆಯಲ್ಲಿ ತಲೆಗೆ ೭೨ ಘನ ಅಡಿ ಸ್ಥಳವಿರಬೇಕೆಂದೂ ಅದೇ ಶಾಸನ ಹೇಳಿತು. ಲ್ಯಾಂಕಾಸ್ಟರನ ಮೂರು ಚಮಚದಿಂದ ಈ ಒಂದು ಔನ್ಸಿನವರೆಗೆ ಕಳೆದ ಕಾಲ ಇನ್ನೂರ ಅರವತ್ತಾರು ವರ್ಷ. ಲೀಚನು ಮುಂದೆ ಲಂಡನ್ ಬಂದರಿನ ಮೊದಲನೆಯ ಆರೋಗ್ಯಾಧಿಕಾರಿಯಾದನು. ಲಿಂಡನ ಹೆಸರನ್ನು ಬಲ್ಲವರಲ್ಲಿ ನೂರಕ್ಕೆ ಒಬ್ಬರಾದರೂ ಲೀಚನನ್ನು ಬಲ್ಲರೇ ಎಂಬುದು ನಮಗೆ ಸಂದೇಹ. ಪ್ರಯೋಗ ಮಾಡಿದವನಿಗೆ ಸಿಕ್ಕುವ ಕೀರ್ತಿ ಸೀಸೆಯನ್ನು ಒಡೆದು ನೋಡಿದವನಿಗೆ ಸಿಕ್ಕುವುದಿಲ್ಲ.

ಇಲ್ಲಿ ಭಾಷೆಯ ಸ್ವಾರಸ್ಯವೊಂದನ್ನು ಹೇಳಲೇಬೇಕು. ನಾವು ಕನ್ನಡದಲ್ಲಿ ನಿಂಬೆ ಎನ್ನುವ, ಅಡಿಗೆಮನೆಯ ಆ ಸಣ್ಣ ದುಂಡು ಹಣ್ಣು ಇಂಗ್ಲೀಷಿನ ‘ಲೈಮ್’ ಜಾತಿಯದು. ಲಿಂಡನು ಕೊಟ್ಟ ‘ಲೆಮನ್’ ಅದಕ್ಕಿಂತ ದಪ್ಪ ತೊಗಲಿನ, ದೊಡ್ಡದಾದ ಬೇರೆ ಹಣ್ಣು. ಅದು ಮೆಡಿಟರೇನಿಯನ್ ತೀರದಿಂದ ಬರುತ್ತಿದ್ದಿತು. ಹದಿನೆಂಟನೆಯ ಶತಮಾನದ ಇಂಗ್ಲೀಷರು ಎರಡು ಹೆಸರುಗಳನ್ನೂ ಎಗ್ಗಿಲ್ಲದೆ ಒಂದಕ್ಕೊಂದು ಬದಲಾಗಿ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ ಇಂಗ್ಲೀಷರದೇ ಆದ ವೆಸ್ಟ್ ಇಂಡೀಸ್ ದ್ವೀಪಗಳ ಲೈಮ್ ಅಗ್ಗವೆಂದು ಅದನ್ನೇ ತರಿಸತೊಡಗಿದರು. ಸೀಸೆಯಲ್ಲಿ ಬಹುದಿನ ಇಟ್ಟ ಆ ಲೈಮ್ ರಸ ಎಷ್ಟು ದುರ್ಬಲವೆಂಬುದು ಉತ್ತರ ಧ್ರುವದ ಕಡೆಗೆ ೧೮೭೫ರಲ್ಲಿ ಹೊರಟ ನೇರ್ಸನ ಸಾಹಸಯಾತ್ರೆಯಲ್ಲಿ ಸ್ಕರ್ವಿ ಮರುಕಳಿಸಿದಾಗ ಬಯಲಾಯಿತಾದರೂ ಯಾರಿಗೂ ಅರ್ಥವಾಗಲಿಲ್ಲ. ಹಲವರು ನಿಂಬೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು. ೧೯೧೮ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಪ್ರಯೋಗ ಮಾಡಿ, ಲೈಮಿನ ತಾಜಾ ರಸಕ್ಕೆ ಲೆಮನ್ ರಸದ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಶಕ್ತಿಯುಂಟೆಂದು ತೋರಿಸಿದರು. ೧೯೩೨ರ ಹೊತ್ತಿಗೆ ಆ ಶಕ್ತಿಯ ವಸ್ತು ಸಿ ಜೀವಸತ್ವವೆಂದು ಗೊತ್ತಾಯಿತು. ಹಾಗಾದರೆ ೧೮೬೭ರ ಮೇಲೆ ವರ್ತಕ ನಾವಿಕರನ್ನು ಉಳಿಸಿದುದು ಯಾವುದು? ರಸವೂ ಒಂದಿಷ್ಟು ಹೌದು. ಆದರೆ ದೊಡ್ಡ ಪಾಲು ಹಬೆಯ ಯಂತ್ರದ್ದು. ಪಯಣ ಮೋಟಾಯಿತು, ಹಸಿಯ ತರಕಾರಿ ಬೇಗಬೇಗ ಸಿಕ್ಕಿತು. ಒಂದು ಭರಣಿ ನಿಂಬೆಯ ಉಪ್ಪಿನಕಾಯಿ ಒಯ್ದಿದ್ದರೆ ಸಾಕಾಗಿತ್ತಲ್ಲ ಎಂದು ನಮ್ಮ ಶ್ರೋತೃಗಳಲ್ಲಿ ಯಾರಾದರೂ ನಕ್ಕಾರು. ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟ ಹಣ್ಣಿನಲ್ಲಿಯೂ ಆ ಗುಣ ಕುಂದುತ್ತದೆ. ಆದುದರಿಂದ ನಗೆ ಬೇಡ.

ಹಬೆಯ ಯಂತ್ರ ಒಂದು ರೋಗವನ್ನು ಓಡಿಸಿ ಬೇರೆ ಸಂಕಟಗಳನ್ನು ತಂದಿತು. ಹಡಗಿನ ಹೊಟ್ಟೆಯಲ್ಲಿ ಕುಲುಮೆಗಳ ಮುಂದೆ ನಿಂತು ಕಲ್ಲಿದ್ದಲನ್ನು ತುಂಬುವವರು ಬೇಕಾದರು. ಕೆಂಪು ಸಮುದ್ರದಲ್ಲಿ ಬೇಸಗೆಯ ದಿನ ಆ ಕೋಣೆಯ ಕಾವನ್ನು ನಾವು ಊಹಿಸಿಕೊಳ್ಳಬೇಕು. ಬಿಸಿಲು ಬಡಿದವರಂತೆ ಬೀಳುವುದು, ಬೆವರಿನೊಡನೆ ಮೈಯ ಉಪ್ಪೆಲ್ಲ ಸೋರಿಹೋಗಿ ಸ್ನಾಯುಗಳು ಸೆಡೆತುಕೊಳ್ಳುವುದು ಅಲ್ಲಿ ಸಾಮಾನ್ಯ. ಸೂಯೆಜ್ ಕಾಲುವೆಯ ದಾರಿಯ ದೊಡ್ಡ ಕಂಪೆನಿಗಳ ಹಡಗುಗಳಲ್ಲಿ ಈ ಕೆಲಸಕ್ಕೆ ನಿಂತವರು ಹೆಚ್ಚಾಗಿ ಹಿಂದೂಸ್ಥಾನದ ಖಲಾಸಿಗಳು. ಬಿಸಿಲು ದೇಶದವರಿಗೆ ಸೆಕೆ ತಟ್ಟುವುದಿಲ್ಲವೆಂಬುದು ಒಡೆಯರ ಸಿದ್ಧಾಂತ. ಸಂಬಳ ಬಿಳಿಯರಿಗಿಂತ ಬಹಳ ಕಡಮೆಯೆಂಬುದು ಅದರ ಟಿಪ್ಪಣಿ.

ಖಲಾಸಿಯ ಆರೋಗ್ಯದ ಚರಿತ್ರೆಯೇ ಬೇರೆ. ಕಂಪೆನಿಯ ಕಾಲದಲ್ಲಿ ಇಂಗ್ಲೆಂಡಿಗೆ ಹೋದ ಖಲಾಸಿಗಳನ್ನು ಹಿಂತಿರುಗುವ ಹಡಗು ಸಿಕ್ಕುವವರೆಗೆ ಲಂಡನ್ನಿನ ಪೂರ್ವಭಾಗದ ಶ್ಯಾಡ್ವೆಲ್ಲಿನ ಕೊಟ್ಟಡಿಗಳಲ್ಲಿ ಕೂಡಿಡುತ್ತಿದ್ದರು. ಚಳಿಗಾಲದಲ್ಲಿ ಸರಿಯಾದ ಹಾಸಿಗೆ ಹೊದಿಕೆಗಳಿಲ್ಲದೆ ಅವರು ಪಡುತ್ತಿದ್ದ ಪಾಡು ೧೮೧೪-೧೫ರಲ್ಲಿ ಪಾರ್ಲಿಮೆಂಟಿನ ವಿಚಾರಣೆಗೆ ಬಂದಿತು. ೧೮೫೭ರಲ್ಲಿ ಲೈಮ್‌ಹೌಸ್ ಪ್ರಾಂತದಲ್ಲಿ ಏಷ್ಯದ ಪರದೇಶಿಗಳಿಗಾಗಿ ಒಂದು ಛತ್ರವನ್ನು ತೆರೆದರು. ಆದರೆ ಶಾಸನದ ಔದಾರ್ಯ ಖಲಾಸಿಯ ಬಳಿಗೆ ಬಂದಾಗ ಕುಗ್ಗುತ್ತಿದ್ದಿತು. ಬಿಳಿಯ ನಾವಿಕನಿಗೆ ೭೨ ಘನ ಅಡಿ ಸ್ಥಳ ದೊರೆತ ಕಾಲದಲ್ಲಿ ಹಿಂದೂಸ್ಥಾನದ ಶಾಸನ ಖಲಾಸಿಗೆ ಗೊತ್ತುಮಾಡಿದುದು ೩೬ ಘನ ಅಡಿ. ೧೯೦೬ರಲ್ಲಿ ಬಿಳಿಯನ ಪಾಲನ್ನು ೧೨೦ಕ್ಕೆ ಏರಿಸಿದರು. ಖಲಾಸಿಯನ್ನು ಆ ಏರಿಕೆಯಿಂದ ಹೊರಗಿಟ್ಟರು. ಉಸಿರಾಡುವ ಗಾಳಿಯನ್ನೂ ಬಣ್ಣ ನೋಡಿ ಅಳೆದುಕೊಟ್ಟ ಈ ಲೆಕ್ಕವನ್ನು ಕ್ಷಯರೋಗ ಒಪ್ಪಲಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ ಅದು ಹಬ್ಬುತ್ತಲೇ ಇದ್ದಿತು.

ಆದರೂ ಈ ರೋಗಿಗಳಿಂದಲೇ ಲೋಕಕ್ಕೆ ಒಂದು ದೊಡ್ಡ ಉಪಕಾರವಾಯಿತು. ಚೀನದ ಅಮಾಯ್ ಬಂದರಿನಲ್ಲಿ ಸುಂಕದ ಇಲಾಖೆಯ ವೈದ್ಯನಾಗಿ ಹಡಗಿನವರಿಗೆ ಚಿಕಿತ್ಸೆ ಮಾಡುತ್ತಿದ್ದ ಪ್ಯಾಟ್ರಿಕ್ ಮ್ಯಾನ್ಸನ್ನನು ೧೮೭೭ರಲ್ಲಿ ಆನೆಕಾಲು ರೋಗದ ಹುಳು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು ಕಂಡನು. ಲಂಡನ್ನಿಗೆ ಮರಳಿದ ಮೇಲೆ, ೧೮೯೨ರಲ್ಲಿ, ಅವನು ನಾವಿಕರ ಆಸ್ಪತ್ರೆಯ ಸಂಘದಲ್ಲಿ ವೈದ್ಯನಾದನು. ಉಷ್ಣದೇಶದ ಜ್ವರಗಳನ್ನು ಲಂಡನ್ನಿನಲ್ಲಿ ಕುಳಿತು ಅಭ್ಯಾಸ ಮಾಡಬೇಕಾದರೆ ಅವು ದೊರೆಯುತ್ತಿದ್ದುದು ಖಲಾಸಿಗಳ ಮಂಚಗಳ ಮೇಲೆಯೇ. ಮಲೇರಿಯ ಜ್ವರಕ್ಕೂ ಸೊಳ್ಳೆಗೂ ಸಂಬಂಧವಿರಬೇಕೆಂದು ಅವನು ರೊನಾಲ್ಡ್ ರಾಸನಿಗೆ ಬೋಧಿಸಿದನು. ರಾಸನು ೧೮೯೭ರ ಆಗಸ್ಟ್ ತಿಂಗಳಿನಲ್ಲಿ ಸಿಕಂದರಾಬಾದಿನಲ್ಲಿ ಅದಕ್ಕೆ ಪ್ರಮಾಣವನ್ನು ಕಂಡನು. ಈ ರಾಸನು ೧೮೮೩ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ನೋಡಿ, ತೊಟ್ಟಿಯನ್ನು ಬರಿದು ಮಾಡಿಸಿ ಅವುಗಳ ಕಾಟವನ್ನು ತಗ್ಗಿಸಿಕೊಂಡಿದ್ದನು. ೧೮೯೯ರಲ್ಲಿ ಲಂಡನ್ನಿನ ಆಲ್ಬರ್ಟ್ ಡಾಕ್ ಬಳಿಯಿದ್ದ ನಾವಿಕರ ಶಾಖಾ ಆಸ್ಪತ್ರೆಯಲ್ಲಿಯೇ ಉಷ್ಣದೇಶದ ವೈದ್ಯವಿದ್ಯೆಗೆ ಒಂದು ಶಾಲೆ ಆರಂಭವಾಯಿತು. ಇಂದು ಲೋಕಪ್ರಸಿದ್ಧವಾಗಿರುವ ಆ ವಿದ್ಯಾಲಯದ ತಳಹದಿಯಲ್ಲಿ ಹೆಸರಿಲ್ಲದ ಖಲಾಸಿಗಳ ರಕ್ತದ ಹನಿಗಳಿವೆ. ಸೂಕ್ಷ್ಮದರ್ಶಕದ ಗಾಜಿನ ಮೇಲೆ ಇಟ್ಟ ಹನಿಗಳೆಂಬ ಅರ್ಥದಲ್ಲಿಯೇ ಈ ಮಾತನ್ನು ಹೇಳುತ್ತಿದ್ದೇವೆ.

ಇನ್ನು ನಡುಸಮುದ್ರದಲ್ಲಿ ಕಾಯಿಲೆಯಾದರೆ? ಪ್ರಯಾಣಿಕರ ದೊಡ್ಡ ಹಡಗುಗಳಲ್ಲಿ ವೈದ್ಯರಿರುತ್ತಾರೆ. ಸರಕಿನ ಹಡಗಿನಲ್ಲಿ ಕಪ್ತಾನನೇ ಧನ್ವಂತರಿ. ಅವನಿಗೆಂದು ನಾವು ಮೇಲೆ ಹೇಳಿದ ಲೀಚನೇ ೧೮೬೮ರಲ್ಲಿ ಒಂದು ವೈದ್ಯದ ಕೈಪಿಡಿಯನ್ನು ಬರೆದನು. ಪರಿಷ್ಕಾರಗೊಳ್ಳುತ್ತ ಅದು ಇಪ್ಪತ್ತೊಂದನೆಯ ಶತಮಾನಕ್ಕೂ ಬಂದಿದೆ. ಜೊತೆಗೆ ಒಂದು ಔಷಧದ ಪೆಟ್ಟಿಗೆ. ಸೀಸೆಗಳ ಮೇಲೆ ಅಂಕೆಗಳು. ಹದಿನೈದನೆಯ ನಂಬರಿನ ಔಷಧ ಮುಗಿದಿರಲು ಏಳನ್ನೂ ಎಂಟನ್ನೂ ಬೆರೆಸಿ ಕುಡಿಸಿದ ಕಪ್ತಾನನ ಕಥೆಯನ್ನು ನಾವಿಕರು ಬಹುಕಾಲದಿಂದ ಹೇಳಿಕೊಂಡು ನಗುತ್ತಾರೆ. ಕಥೆ ಕಟ್ಟುಕಥೆಯೇ ಇರಬಹುದು. ಆ ನಗುವಿನ ಹಿಂದಿನ ಭಯ ಕಟ್ಟಿದ್ದಲ್ಲ.

ಈ ಭಯವನ್ನು ಸ್ವಲ್ಪಮಟ್ಟಿಗೆ ನೀಗಿದುದು ನಿಮ್ಮನ್ನೂ ನಮ್ಮನ್ನೂ ಈ ಹೊತ್ತು ಕೂಡಿಸಿರುವ ರೇಡಿಯೋ ಯಂತ್ರವೇ. ೧೯೨೦ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ನಾವಿಕರ ಧರ್ಮಸಂಸ್ಥೆಯೊಂದು ನಿಸ್ತಂತುವಿನ ಮೂಲಕ ಹಡಗುಗಳಿಗೆ ವೈದ್ಯಸಲಹೆಯನ್ನು ಕಳುಹಿಸತೊಡಗಿತು. ೧೯೩೫ರಲ್ಲಿ ರೋಮಿನಲ್ಲಿ ಗೈಡೋ ಗೈಡಾ ಎಂಬ ವೈದ್ಯನು ಇದಕ್ಕಾಗಿಯೇ ಒಂದು ಕೇಂದ್ರವನ್ನು ಸ್ಥಾಪಿಸಿದನು. ಮಾರ್ಕೋನಿಯ ಹೆಸರು ಅದರ ಮೊದಲ ಅಧ್ಯಕ್ಷನೆಂದು ದಾಖಲಾಗಿದೆ. ಯಾವ ದೇಶದ ಬಾವುಟದ ಹಡಗಾದರೂ ಸರಿ, ಹಗಲಿರಲಿ ಇರುಳಿರಲಿ, ಕಾಸಿಲ್ಲದೆ ಸಲಹೆ. ನೋವು ಎಲ್ಲಿ, ಜ್ವರವೆಷ್ಟು, ನಾಡಿಯೆಷ್ಟು ಎಂದು ಹಡಗಿನವನು ತಿಳಿಸುತ್ತಾನೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ವೈದ್ಯನು ಕೇಳುತ್ತಾನೆ. ಸಾವಿರಾರು ಮೈಲಿಗಳ ಅಂತರದಲ್ಲಿ ಚಿಕಿತ್ಸೆ ಸಾಗುತ್ತದೆ. ಆ ಕೇಂದ್ರ ಇಂದಿಗೂ ಕೆಲಸ ಮಾಡುತ್ತಿದೆ.

ಶಾಸನಗಳ ಕಡೆ ನೋಡಿದರೆ, ಇಪ್ಪತ್ತನೆಯ ಶತಮಾನದಲ್ಲಿ ಒಂದು ದೇಶದ ಕಟ್ಟಳೆಯಿಂದ ಈ ಕೆಲಸವಾಗದೆಂಬ ಅರಿವು ಮೂಡಿತು. ಗುಹ್ಯರೋಗಗಳಿಗೆ ಯಾವ ದೇಶದ ವರ್ತಕ ನಾವಿಕನಾದರೂ ಬಂದರುಗಳಲ್ಲಿ ಉಚಿತ ಚಿಕಿತ್ಸೆ ಪಡೆಯಬಹುದೆಂದು ೧೯೨೪ರಲ್ಲಿ ಬ್ರಸೆಲ್ಸಿನಲ್ಲಿ ಹಲವು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೩೬ರಲ್ಲಿ ರೋಗಪೀಡಿತ ನಾವಿಕನ ಹೊಣೆ ಹಡಗಿನ ಒಡೆಯನದೆಂದು ಬರೆಯಿತು. ಹಿಂದಿನ ಒಪ್ಪಂದಗಳನ್ನೆಲ್ಲ ಕೂಡಿಸಿ ೨೦೦೬ರಲ್ಲಿ ಮಾಡಿದ ಮಹಾ ಒಡಂಬಡಿಕೆಯನ್ನು ಭಾರತವು ೨೦೧೫ರಲ್ಲಿ ಅಂಗೀಕರಿಸಿತು. ಅದರಂತೆ ನೂರು ಅಥವಾ ಹೆಚ್ಚು ಜನರಿದ್ದು ಮೂರು ದಿನಕ್ಕೆ ಮೀರಿದ ಅಂತರರಾಷ್ಟ್ರೀಯ ಪಯಣ ಮಾಡುವ ಹಡಗಿಗೆ ಮಾತ್ರ ವೈದ್ಯನಿರಬೇಕು. ಇಪ್ಪತ್ತು ಇಪ್ಪತ್ತೈದು ಮಂದಿಯ ಸರಕಿನ ಹಡಗಿಗೆ ಈಗಲೂ ತರಬೇತಾದ ಒಬ್ಬ ಅಧಿಕಾರಿ, ಒಂದು ಪೆಟ್ಟಿಗೆ, ಒಂದು ರೇಡಿಯೋ.

೨೦೨೦ರ ಮಹಾಮಾರಿಯ ಕಾಲದಲ್ಲಿ ಈ ಒಡಂಬಡಿಕೆಯ ಬಲ ಎಷ್ಟೆಂಬುದು ಪರೀಕ್ಷೆಗೆ ಬಂದಿತು. ಬಂದರುಗಳು ಬಾಗಿಲು ಮುಚ್ಚಿದವು. ಕರಾರಿನ ಅವಧಿ ಮುಗಿದರೂ ಮನೆಗೆ ಹೋಗಲಾರದೆ ಹಡಗುಗಳಲ್ಲಿ ಸಿಕ್ಕಿಬಿದ್ದವರ ಸಂಖ್ಯೆ ಆ ವರ್ಷದ ಕೊನೆಗೆ ಸುಮಾರು ನಾಲ್ಕು ಲಕ್ಷವೆಂದು ಅಂದಾಜು ಮಾಡಿದ್ದಾರೆ. ಮಹಾಮಾರಿಗೆ ಸಂಬಂಧವೇ ಇಲ್ಲದ ರೋಗಗಳಿಂದ ನರಳುತ್ತಿದ್ದವರನ್ನೂ ದಡಕ್ಕಿಳಿಸಲು ಕೆಲವು ಬಂದರುಗಳು ಒಪ್ಪಲಿಲ್ಲ. ಇದಾದ ಮೇಲೆ ೨೦೨೨ರಲ್ಲಿ ಜಿನೀವದಲ್ಲಿ ಸರ್ಕಾರಗಳ, ಒಡೆಯರ, ನಾವಿಕರ ಪ್ರತಿನಿಧಿಗಳು ಸೇರಿ ಒಡಂಬಡಿಕೆಗೆ ಒಂದು ತಿದ್ದುಪಡಿಯನ್ನು ಸೇರಿಸಿದರು. ತುರ್ತು ಚಿಕಿತ್ಸೆ ಬೇಕಾದ ನಾವಿಕನನ್ನು ತಡಮಾಡದೆ ದಡಕ್ಕಿಳಿಸಿ ವೈದ್ಯರ ಬಳಿಗೆ ಸೇರಿಸಬೇಕು ಎಂಬುದು ಅದರ ತಾತ್ಪರ್ಯ. ಒಲೆರಾನಿನವರು ಏಳೆಂಟು ನೂರು ವರ್ಷಗಳ ಹಿಂದೆ ಬರೆದಿಟ್ಟಿದ್ದುದು ಇದನ್ನೇ. ತಿದ್ದುಪಡಿ ೨೦೨೪ರ ಡಿಸೆಂಬರ್ ೨೩ರಿಂದ ಜಾರಿಗೆ ಬಂದಿದೆ.